ಇನ್ತಾನ ಕಾಲ್ಮಣೆ

"ಕಿತ್ತಾಕು ಕಣೋ. ಉಳಿ ಇಟ್ಟು ನಾಲ್ಕೇಟು ಹಾಕಿದ್ರೆ ಮುಗೀತು," ಎಂದ ಸವಾಟ್. "ಯಾರು ನೋಡಿದಾರೆ? ನೀನು ನೋಡಿದೀಯ, ನಾನು ನೋಡಿದೀನಿ. ಅಷ್ಟೇ ತಾನೆ?"

"ನಾನೂ ನೋಡಿದೀನಿ," ಎಂದಳು ಫೊನ್, ಒಲೆಯ ಕಡೆಯಿಂದ, ತಲೆ ಎತ್ತದೆ.

"ನಿನ್ನನ್ನ ಯಾರಮ್ಮ ಲೆಕ್ಕಕ್ಕಿಟ್ರು?"

"ಅದೂ ಸರಿ. ಮದುವೆ ಆದಾಗಿಂದ ಇವರೂ ಅದನ್ನೇ ಹೇಳ್ತಿದಾರೆ."

ಅವಳ ಗಂಡ ಖಮ್‌ಪನ್ ದೋಣಿಯ ಮೂತಿಯೊಳಗೆ ಕುಕ್ಕರುಗಾಲಲ್ಲಿ ಕೂತು, ಈಗಷ್ಟೇ ಬಳಿದು ತೆಗೆದ ಜೇಡಿಯನ್ನು ಕೈಯಲ್ಲಿ ಹಿಸುಕುತ್ತಿದ್ದ. ಅವನ ಎದುರಿಗೆ, ಮೊದಲ ಆಸನದ ಮುಂದಿನ ತಳದಲ್ಲಿ, ಅಂಗೈಯಗಲದ ಎರಡು ಮರದ ತುಂಡುಗಳಿದ್ದವು. ಹುಟ್ಟು ಹಾಕುವವನು ಕಾಲು ಒತ್ತಿ ಹಿಡಿಯಲು ಇರುವ ಕಾಲ್ಮಣೆಗಳು. ಎಲ್ಲ ದೋಣಿಯಲ್ಲೂ ಇರುತ್ತವೆ. ಆದರೆ ಎಲ್ಲ ದೋಣಿಯಲ್ಲೂ ಎರಡೂ ಒಂದೇ ಸಾಲಿಗಿರುತ್ತವೆ. ಇಲ್ಲಿ ಎಡಗಡೆಯದು ಬಲಗಡೆಯದಕ್ಕಿಂತ ನಾಲ್ಕು ಬೆರಳು ಹಿಂದಿತ್ತು.

ಇಂಥ ಕಾಲ್ಮಣೆ ಇದ್ದದ್ದು ಯೊಮ್ ನದಿಯ ಈ ದಂಡೆಯಲ್ಲಿ ಒಂದೇ ಒಂದು ದೋಣಿಗೆ. ಅದನ್ನು ಕೂರಿಸಿದವನು ಖಮ್‌ಪನ್‌ನೇ. ಆಗ ಅವನಿಗೆ ಮೀಸೆ ಕೂಡ ಚಿಗುರಿರಲಿಲ್ಲ, ಸೋದರಮಾವ ಮೂನ್‌ನ ಹತ್ತಿರ ದೋಣಿ ಕೆಲಸ ಕಲಿಯುತ್ತಿದ್ದ. ಒಂದು ದಿನ, ಮೂತಿಯಲ್ಲಿ ಕೂತು ಹುಟ್ಟು ಹಾಕಬೇಕಿದ್ದ ಇನ್ತಾ ಬಂದು ಖಾಲಿ ದೋಣಿಯಲ್ಲಿ ಕೂತು ಎರಡೂ ಕಾಲು ಚಾಚಿ ತೋರಿಸಿದ್ದ. "ನೋಡಪ್ಪ ತಮ್ಮ, ನನ್ನ ಎಡಗಾಲು ಹುಟ್ಟುವಾಗಲೇ ಸೋಮಾರಿ, ಅರ್ಧ ದಾರೀಲೇ ನಿಂತುಬಿಡ್ತು. ಅದು ಎಲ್ಲಿಗೆ ಮುಟ್ಟುತ್ತೋ ಅಲ್ಲಿಗೇ ಒಂದು ಮಣೆ ಹಾಕು. ದಿನಾ ಅದರ ಹತ್ರ ಮುಂದೆ ಬಾ, ಮುಂದೆ ಬಾ ಅಂತ ಬೇಡ್ಕೊಂಡು ಸಾಕಾಯ್ತು." ಖಮ್‌ಪನ್ ಅಳತೆ ಹಿಡಿದು, ಹುಣಸೆಯ ಗೂಟ ಸೀಳಿ, ಕೂರಿಸಿದ. ಅವನ ಪಾಲಿಗೆ ಬಂದ ಮೊದಲ ಸ್ವಂತ ಕೆಲಸ. ಸಂಜೆ ಬಂದ ಮಾವ ಸಾಲು ತಪ್ಪಿದ್ದನ್ನು ನೋಡಿ, ಒಂದು ಮಾತೂ ಕೇಳದೆ, ಕಪಾಳಕ್ಕೆ ಬಿಟ್ಟಿದ್ದ. ಇನ್ತಾ ನಕ್ಕು ನಕ್ಕು ಕೊನೆಗೆ ತನ್ನ ಕಾಲು ತೋರಿಸಿ ಹುಡುಗನನ್ನು ಬಿಡಿಸಿದ್ದ.

ಮೂನ್ ಮಾವ ಆ ವರ್ಷ ಒಂದೇ ತಕಿಯನ್ ಮರದಲ್ಲಿ ಎರಡು ಪಂದ್ಯದ ದೋಣಿ ಕೊರೆದಿದ್ದ. ಬುಡದ ಕಡೆಯದು ಕೇವ್, ತುದಿಯ ಕಡೆಯದು ಫಾ. ಊರಿನ ಬಾಯಲ್ಲಿ ಅಕ್ಕ, ತಂಗಿ. ಅಕ್ಕ ಗೆದ್ದದ್ದಕ್ಕೆ ಲೆಕ್ಕವಿಲ್ಲ. ತಂಗಿ ಒಂದೇ ಪಂದ್ಯಕ್ಕೆ ಇಳಿದದ್ದು. ನಡು ನದಿಯಲ್ಲಿ, ತುಂಬು ನೀರಿನಲ್ಲಿ, ಪಕ್ಕದ ದೋಣಿಯ ಅಲೆಗೆ ಮಗುಚಿತು. ಎಲ್ಲರೂ ಮೇಲೆ ಬಂದರು, ಮೂತಿಯಲ್ಲಿ ಕೂತಿದ್ದ ಇನ್ತಾ ಬರಲಿಲ್ಲ. ಹೆಣವೂ ಸಿಗಲಿಲ್ಲ. ಭಿಕ್ಷುಗಳು ಅವನ ಅಂಗಿಯ ಮುಂದೆ ಕೂತು ಮಂತ್ರ ಹೇಳಿದರು. ಊರಿನವರು ತಂಗಿಯ ಹೊಟ್ಟೆಗೆ ಕಲ್ಲು ತುಂಬಿ ತಿರುವಿನ ಮಡುವಿನಲ್ಲಿ ಮುಳುಗಿಸಿದರು. ದೋಣಿಯ ಕೊಟ್ಟಿಗೆಯ ತೊಲೆಯ ಮೇಲೆ ಹುಟ್ಟು ಹಾಕಿದವರ ಹೆಸರು ಬರೆಯುವ ರೂಢಿ. ಅಲ್ಲಿ ಒಂದು ಕಡೆ ಹಸಿರು ಬಣ್ಣ ಬೇರೆ ಕಡೆಗಿಂತ ದಪ್ಪಗಿದೆ. ನೀರು ನುಂಗಿ ಹಿಂದಕ್ಕೆ ಕೊಡದವನ ಹೆಸರನ್ನು ದೋಣಿಯ ಹತ್ತಿರ ಎತ್ತಬಾರದು, ಎತ್ತಿದರೆ ಅವನು ಜೊತೆಗೆ ಯಾರನ್ನಾದರೂ ಕರೆಯುತ್ತಾನೆ. ಹಾಗಾಗಿ ಊರಿನವರು ಅವನನ್ನೂ ತಂಗಿಯನ್ನೂ ಮರೆಯಲಿಲ್ಲ, ಮರೆತವರ ಹಾಗೆ ಇರುವುದನ್ನು ಕಲಿತರು. ಈಗಿನ ಹುಡುಗರಿಗೆ ಎರಡನೆಯ ದೋಣಿಯೊಂದು ಇತ್ತೆಂಬುದೇ ಗೊತ್ತಿಲ್ಲ.

ಆಮೇಲೆ ಒಂದು ದೊಡ್ಡ ನೆರೆಗೆ ಅಕ್ಕನೂ ಹಗ್ಗ ಹರಿದುಕೊಂಡು ಹೋದಳು. ಅಲ್ಲಿಂದ ಈಚೆಗೆ ವಾಂಗ್ ಸಾಯ್ ಊರಿಗೆ ದೋಣಿಯಿಲ್ಲ. ಪಂದ್ಯದ ದಿನ ಈ ಊರಿನ ಹುಡುಗರು ಆಚೆ ದಂಡೆಯವರ ದೋಣಿಯಲ್ಲಿ, ಆಚೆ ದಂಡೆಯವರ ಬಣ್ಣದ ಅಂಗಿ ತೊಟ್ಟು ಹುಟ್ಟು ಹಾಕುತ್ತಾರೆ. ಈ ಬೇಸಿಗೆಯಲ್ಲಿ ನೀರು ಎಂದೂ ಇಲ್ಲದಷ್ಟು ಇಳಿದು, ಮರಳು ತೆಗೆಯುವವರ ಸಲಿಕೆಗೆ ಹಳೆಯ ದೋಣಿಯೊಂದು ತಗುಲಿದಾಗ ಊರಿಗೆ ಊರೇ ಡೋಲು ಹೊತ್ತು ಓಡಿತು. ಅಕ್ಕ ಬಂದಳು, ಅಕ್ಕ ಬಂದಳು! ಖಮ್‌ಪನ್ ಕೂಡ ಹಾಗೆಯೇ ಕೂಗಿದ್ದ. ಅಕ್ಕನೋ ತಂಗಿಯೋ ಎಂದು ಕೇಳಿದವರಿಲ್ಲ. ಒಂದೇ ಮರ, ಒಂದೇ ಕೈ, ಒಂದೇ ಬಾಚಿಯ ಗುರುತು. ಬಣ್ಣವೆಲ್ಲ ಹೋಗಿತ್ತು, ಹೊಟ್ಟೆಯ ಕಲ್ಲುಗಳನ್ನು ನೆರೆ ಎಂದೋ ಉರುಳಿಸಿತ್ತು. ದೋಣಿಯನ್ನು ವಿಹಾರದ ಕೊಟ್ಟಿಗೆಗೆ ತಂದು, ಒಮ್ಮೆಗೇ ಒಣಗಿ ಬಿರುಕು ಬಿಡದ ಹಾಗೆ ಒದ್ದೆ ಗೋಣಿ ಹೊದಿಸಿ, ಖಮ್‌ಪನ್ ಹಿಂದಿನಿಂದ ಮುಂದಕ್ಕೆ ಇಷ್ಟಿಷ್ಟೇ ಕೆಸರು ತೆಗೆಯುತ್ತ ಬಂದ. ಮೂತಿಯ ಬಲ ಮಗ್ಗುಲು ಕೊಳೆತಿದ್ದರಿಂದ ಅಲ್ಲಿನ ಜೇಡಿಯನ್ನು ಕಡೆಗೆ ಬಿಟ್ಟಿದ್ದ. ಅದನ್ನು ತೆಗೆದದ್ದು ಇವತ್ತು.

"ಕೇಳೋ ಇಲ್ಲಿ," ಸವಾಟ್ ಅಂಚಿಗೆ ಒರಗಿ ದನಿ ತಗ್ಗಿಸಿದ. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು. ಅವನು ಊರಿನ ಮುಖಂಡನಾದ, ಇವನು ಅವರಿವರ ಫೈಬರ್ ದೋಣಿಯ ತೂತು ಮುಚ್ಚುತ್ತ ಉಳಿದ. "ಹುಡುಗರು ನೀರಂಚಲ್ಲಿ ಹಲಗೆ ಕಟ್ಟಿ, ಅದರ ಮೇಲೆ ಕೂತು ಹುಟ್ಟು ಹಾಕೋ ಅಭ್ಯಾಸ ಮಾಡ್ತಿದಾರೆ. ಅಂಗಿಗೆ ಬಣ್ಣ ಕೂಡ ಆರಿಸಿ ಆಗಿದೆ. ಇದು ಅವಳು ಅಂತ ಗೊತ್ತಾದ್ರೆ ಯಾವ ತಾಯಿ ಮಗನ್ನ ಕಳಿಸ್ತಾಳೆ? ನಮ್ಮವ್ವ ನನ್ನನ್ನೇ ಬಿಡಲ್ಲ."

"ನಿನ್ನನ್ನ ಹತ್ತಿಸಿದ್ರೆ ಯಾವ ದೋಣೀನೂ ಮುಳುಗುತ್ತೆ," ಎಂದಳು ಫೊನ್.

"ನೀನು ಎಣ್ಣೆ ಕಲಕು ತಾಯಿ." ಸವಾಟ್ ಮತ್ತೆ ಇವನ ಕಡೆ ತಿರುಗಿದ. "ಇನ್ನೇನು ಸೆಂಗ್‌ಲಾ ದೊಡ್ಡಮ್ಮ ಬಂದುಬಿಡ್ತಾಳೆ. ಅವಳು ಇದನ್ನ ನೋಡಿದ್ರೆ ಮರಾನೂ ಇಲ್ಲ, ದೋಣೀನೂ ಇಲ್ಲ."

ಅದು ನಿಜ. ಕೊಳೆತ ಜಾಗಕ್ಕೆ ತೇಪೆ ಹಾಕಬೇಕಾದರೆ ಅದೇ ಮರದ ತುಂಡೇ ಆಗಬೇಕು. ತಕಿಯನ್ ಮರದಲ್ಲಿ ಒಬ್ಬ ತಾಯಿ ಇರುತ್ತಾಳೆ, ದೋಣಿಯಾದ ಮೇಲೂ ಮೂತಿಯಲ್ಲಿ ಇರುತ್ತಾಳೆ. ಬೇರೆ ಮರ ತಂದು ಹಾಕಿದರೆ ಒಂದೇ ಮನೆಯಲ್ಲಿ ಇಬ್ಬರು ತಾಯಂದಿರಾಗಿ ನಡು ನೀರಿನಲ್ಲಿ ಜಗಳ ಬೀಳುತ್ತದೆ. ಆದ್ದರಿಂದ ಹಳಬರು ದೋಣಿ ಮುಗಿದ ಮೇಲೂ ಮರದ ಒಂದು ತುಂಡನ್ನು ಎತ್ತಿಡುತ್ತಿದ್ದರು. ಎರಡು ದೋಣಿಯ ಆ ಮರದಲ್ಲಿ ಉಳಿದದ್ದು ಒಂದೇ ಒಂದು ದಪ್ಪ ಹಲಗೆ. ಅದು ಇನ್ತಾನ ಹೆಂಡತಿ ಸೆಂಗ್‌ಲಾಳ ಮನೆಯಲ್ಲಿತ್ತು.

ಗಂಡನ ಅಂಗಿಯ ಮುಂದೆ ಮಂತ್ರ ಹೇಳಿ ಮುಗಿದ ದಿನವೇ ಅವಳು ಈ ಕೊಟ್ಟಿಗೆಗೆ ಬಂದು, ಎಲ್ಲರ ಕಣ್ಣೆದುರಿಗೆ ಆ ಹಲಗೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಿದ್ದಳು. ತಡೆಯುವ ಧೈರ್ಯ ಯಾರಿಗೂ ಆಗಿರಲಿಲ್ಲ. ಪೂಜೆಗಿಟ್ಟುಕೊಳ್ಳುತ್ತಾಳೆ ಎಂದುಕೊಂಡರು. ಅವಳು ಜಗುಲಿಯಲ್ಲಿ ಹಾಕಿಕೊಂಡು ಅದರ ಮೇಲೆ ಕೂತಳು. ಬೀನ್ಸ್ ಬಿಡಿಸುವುದು, ಬೆಳ್ಳುಳ್ಳಿ ಸುಲಿಯುವುದು, ಎಲ್ಲ ಅದರ ಮೇಲೆಯೇ. ಮರದ ತಾಯಿಯ ಮೇಲೆ ಕೂರಬಾರದು ಎಂದು ಹೇಳಲು ಹೋದ ಹೆಂಗಸರಿಗೆ, "ಅವಳು ನನ್ನ ಗಂಡನ್ನ ನುಂಗಿದಳು. ನಾನು ಬರೀ ಕೂತಿದೀನಿ. ಯಾರದು ತಪ್ಪು ಜಾಸ್ತಿ, ನೀವೇ ಹೇಳಿ," ಎಂದಿದ್ದಳು. ಮೊನ್ನೆ ಸವಾಟ್ ಹಣ್ಣಿನ ಬುಟ್ಟಿ ಹೊತ್ತು ಕೇಳಲು ಹೋದಾಗ ಬಹಳ ಹೊತ್ತು ಯೋಚಿಸಿ ಒಪ್ಪಿದ್ದಳು. "ಅಕ್ಕನಿಗಾದ್ರೆ ಕೊಡ್ತೀನಿ. ಅವಳು ಯಾರಿಗೂ ಏನೂ ಮಾಡಿಲ್ಲ. ಆ ಇನ್ನೊಬ್ಬಳಿಗಾದ್ರೆ ಸೀಳಿ ಒಲೆಗಿಡ್ತೀನಿ, ನೆನಪಿರಲಿ." ತಾನೇ ತರುತ್ತೇನೆ, ತನ್ನ ಕೈಯಾರೆ ಕೊಡುತ್ತೇನೆ ಎಂದೂ ಹೇಳಿದ್ದಳು.

"ಅವಳು ಮುದುಕಿ," ಎಂದ ಸವಾಟ್. "ಅಕ್ಕ ಅಂದ್ಕೊಂಡು ಕೊಟ್ಟು ಸಮಾಧಾನವಾಗಿ ಹೋಗ್ತಾಳೆ. ಹುಡುಗರಿಗೆ ದೋಣಿ ಸಿಗುತ್ತೆ. ನಿನಗೂ ಜೀವಮಾನದಲ್ಲಿ ಒಂದು ದೋಣಿ ನೀರಿಗಿಳಿಸಿದೆ ಅಂತಾಗುತ್ತೆ. ಯಾರಿಗೆ ನಷ್ಟ ಹೇಳು?"

ಕೊನೆಯ ಮಾತು ಖಮ್‌ಪನ್‌ಗೆ ತಾಗಿತು. ಈ ದೋಣಿಯ ಹೊಟ್ಟೆಯ ಮೇಲೆ ಕೈಯಾಡಿಸಿದಾಗಲೆಲ್ಲ, ಮಾವ ಕೊನೆಯವರೆಗೂ ಹೇಳಿಕೊಡದೆ ಹೋದದ್ದನ್ನು ಮರವೇ ಹೇಳಿಕೊಡುತ್ತಿದೆ ಎನಿಸುತ್ತಿತ್ತು. ಎಲ್ಲಿ ಎಷ್ಟು ದಪ್ಪ, ಬೆಂಕಿ ಹಾಕಿ ಅಗಲಿಸುವಾಗ ಎಲ್ಲಿ ನಿಲ್ಲಿಸಿದ. ಇದನ್ನು ಮತ್ತೆ ಮಡುವಿಗೆ ನೂಕುವುದೆಂದರೆ ಅವನಿಂದಾಗದು.

ಅವನು ಉಳಿ ತೆಗೆದುಕೊಂಡ. ಎಡಗಡೆಯ ಕಾಲ್ಮಣೆಯ ಬುಡಕ್ಕೆ ಇಟ್ಟು ಕೊಡತಿಯಿಂದ ಹೊಡೆದ. ಮಣೆ ಜಗ್ಗಲಿಲ್ಲ. ಇನ್ನೊಂದು ಹೊಡೆದ. ಹುಣಸೆಯ ಗೂಟ ಸಣ್ಣಗೆ ಕಿರ್ರೆಂದಿತು. ಅಷ್ಟು ವರ್ಷ ಕೆಸರೊಳಗಿದ್ದೂ ಹಿಡಿತ ಬಿಟ್ಟಿರಲಿಲ್ಲ.

ಫೊನ್ ಕಲಕುವುದನ್ನು ನಿಲ್ಲಿಸಿದ್ದಳು. ದೋಣಿಗೆ ಬಳಿಯಲು ಕಾಯಿಸುತ್ತಿದ್ದ ರಾಳವೂ ಯಾಂಗ್ ಮರದ ಎಣ್ಣೆಯೂ ಸೇರಿ ಬಾಣಲೆಯಲ್ಲಿ ಕೊತಕೊತ ಸದ್ದು ಮಾಡುತ್ತಿತ್ತು.

"ಗಟ್ಟಿಯಾಗೇ ಕೂರಿಸಿದೀರ ಬಿಡಿ," ಎಂದಳು. "ಕಪಾಳಕ್ಕೆ ತಿಂದದ್ದು ದಂಡ ಆಗ್ಲಿಲ್ಲ."

ಅವನು ಮೂರನೆಯ ಸಲ ಕೊಡತಿ ಎತ್ತಿದ್ದ. ಅಷ್ಟರಲ್ಲಿ ವಿಹಾರದ ಬಾಗಿಲಲ್ಲಿ ಬೈಕಿನ ಸದ್ದು ಕೇಳಿಸಿತು. ಸವಾಟ್ ಬಗ್ಗಿ ನೋಡಿ, "ಬಂದಳು!" ಎಂದವನೇ, ದೋಣಿಯ ತಾಯಿಗೆಂದು ತಂದಿಟ್ಟಿದ್ದ ಬಣ್ಣ ಬಣ್ಣದ ಬಟ್ಟೆಗಳನ್ನೆಲ್ಲ ಬಾಚಿ ಮೂತಿಯೊಳಗೆ ಸುರಿದ. "ಹೆಂಗಸರು ಮೂತಿಯ ಹತ್ತಿರ ಬರೋ ಹಾಗಿಲ್ಲ. ನೀನು ಬಾಯಿ ಮುಚ್ಚಿಕೊಂಡಿರು, ಮಿಕ್ಕಿದ್ದು ನನಗೆ ಬಿಡು."

ಸೆಂಗ್‌ಲಾಳ ಸೊಸೆ ಬೈಕಿನ ಪಕ್ಕಕ್ಕೆ ಜೋಡಿಸಿದ ಗಾಡಿಯಲ್ಲಿ ಅತ್ತೆಯನ್ನು ಕೂರಿಸಿಕೊಂಡು ಬಂದಿದ್ದಳು. ಮುದುಕಿ ಆ ಗಾಡಿಯಲ್ಲೂ ಹಲಗೆಯ ಮೇಲೆಯೇ ಕೂತಿದ್ದಳು.

"ದಾರಿ ಉದ್ದಕ್ಕೂ ಕುಲುಕಾಡಿದಳು ನೋಡಿ ಈ ಮರದ ತಾಯಿ," ಎನ್ನುತ್ತ ಇಳಿದಳು. "ಇದೇ ಕೊನೆ ಸವಾರಿ ಅಂತ ಗೊತ್ತಾಗಿರಬೇಕು. ಏನ್ ಸವಾಟ್, ಹೊಟ್ಟೆ ಇನ್ನೂ ಮುಂದಕ್ಕೆ ಬಂದಿದೆ? ಮುಖಂಡನಾದ ಮೇಲೆ ನೀನು ಬರೋಕೆ ಮುಂಚೆ ಅದು ಬರುತ್ತೆ."

"ನಿಮ್ಮ ಆಶೀರ್ವಾದ ದೊಡ್ಡಮ್ಮ. ಬನ್ನಿ ಬನ್ನಿ, ಇಲ್ಲಿ ಹಿಂದುಗಡೆ ನೆರಳಿದೆ."

ಸೊಸೆ ಹಲಗೆಯನ್ನು ತಂದು ದೋಣಿಯ ಹಿಂಬದಿಗೆ ಇಳಿಸಿ, ಮಾರುಕಟ್ಟೆಗೆ ಹೋಗಿ ಬರುತ್ತೇನೆಂದು ಹೊರಟಳು. ಕೂತು ಕೂತು ಹಲಗೆಯ ನಡುಭಾಗ ನಯವಾಗಿ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಸೆಂಗ್‌ಲಾ ದೋಣಿಯ ಉದ್ದಕ್ಕೂ ಒಮ್ಮೆ ಕಣ್ಣು ಹಾಯಿಸಿದಳು. ಮುಟ್ಟಲಿಲ್ಲ.

"ಚೆನ್ನಾಗಿ ತೊಳೆದಿದೀಯಪ್ಪ," ಎಂದಳು ಖಮ್‌ಪನ್‌ಗೆ. "ಅಕ್ಕಾನೇ ತಾನೆ?"

"ಅಕ್ಕಾನೇ ದೊಡ್ಡಮ್ಮ, ಇನ್ಯಾರು?" ಎಂದ ಸವಾಟ್. "ಹಿಂಬದಿಯ ಅಗಲ ನೋಡಿ. ಬುಡದ ಕಡೆ ಮರ ಅಲ್ದೆ ಇಷ್ಟು ಅಗಲ ಬರುತ್ತಾ?"

"ನಿನ್ನನ್ನ ಕೇಳಲಿಲ್ಲ. ನೀನು ಹಂದಿಗೂ ಎಮ್ಮೆಗೂ ಗುರುತು ಹಿಡಿಯದೋನು. ಕೆಲಸದೋನನ್ನ ಕೇಳಿದೆ."

ಖಮ್‌ಪನ್ ಮೂತಿಯಲ್ಲಿ ಇನ್ನೂ ಕುಕ್ಕರುಗಾಲಲ್ಲೇ ಇದ್ದ. ಕೈಯಲ್ಲಿ ಉಳಿ ಇತ್ತು. ಸವಾಟ್ ಅವನ ಕಡೆಗೆ ನೋಡಿ ಹುಬ್ಬು ಕುಣಿಸಿದ. ಫೊನ್ ಬಾಣಲೆಯನ್ನು ಒಲೆಯಿಂದ ಕೆಳಗಿಳಿಸಿ ಕೈ ಒರೆಸಿಕೊಂಡಳು. ಹೊರಗೆ ಯಾರೋ ಎಳೆಯ ಭಿಕ್ಷು ಅಂಗಳ ಗುಡಿಸುತ್ತಿದ್ದ. ಪೊರಕೆಯ ಸದ್ದು ಬಂದು ನಿಂತು ಬಂದು ನಿಂತು ಕೇಳಿಸುತ್ತಿತ್ತು.

ಹೂಂ ಎಂದರೆ ಸಾಕಿತ್ತು. ಹೂಂ ಎನ್ನಲು ಅವನು ಬಾಯನ್ನೂ ತೆರೆದ.

"ದೊಡ್ಡಮ್ಮ," ಎಂದ. "ಕಾಲ್ಮಣೆ ಸಾಲಿಗಿಲ್ಲ."

ಸೆಂಗ್‌ಲಾ ಹೆಗಲ ಬಟ್ಟೆಯ ತುದಿಯಿಂದ ಮೂಗು ಒರೆಸಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಯಾವುದು ಹಿಂದಿದೆ?"

"ಎಡಗಡೇದು. ನಾಲ್ಕು ಬೆರಳು."

"ಲೋ, ನಿನಗೆ ತಲೆ ಗಿಲೆ ಇದೆಯೇನೋ!" ಸವಾಟ್ ಕೂಗಿಯೇ ಬಿಟ್ಟ. "ದೊಡ್ಡಮ್ಮ, ಅದು ಯಾವನೋ ಕಲಿಯೋ ಹುಡುಗ ತಪ್ಪು ಅಳತೆ ಹಿಡಿದು—"

"ಆ ಹುಡುಗ ಇವನೇ," ಎಂದಳು ಸೆಂಗ್‌ಲಾ. "ಇವನ ಕೆನ್ನೆ ಊದಿದ್ದಕ್ಕೆ ನಮ್ಮನೆಯವರು ಅವತ್ತು ಸಂಜೆ ಇವನನ್ನ ಕರ್ಕೊಂಡು ಬಂದು ಊಟ ಹಾಕ್ಸಿದ್ರು. ಅಂಟನ್ನವೂ ಮೆಣಸಿನ ಚಟ್ನಿಯೂ. ಊದಿದ ಬಾಯಿಗೆ ಮೆಣಸಿನ ಚಟ್ನಿ ಕೊಡಬೇಡ್ರೀ ಅಂತ ನಾನು ಬೈದಿದ್ದೆ."

ಅವಳು ದೋಣಿಯ ಅಂಚಿನ ಪಕ್ಕಕ್ಕೇ ನಡೆಯತೊಡಗಿದಳು. ಮೂತಿಯ ಕಡೆಗೆ.

"ದೊಡ್ಡಮ್ಮ, ಆ ಕಡೆ ಹೆಂಗಸರು—"

"ಮನೇಲಿ ಅವಳ ಮೇಲೆ ಕೂತು ಕೂತು ನನ್ನ ಸೊಂಟ ಸವೆದಿದೆ. ಇಲ್ಲಿ ಪಕ್ಕದಲ್ಲಿ ನಿಂತರೆ ಅವಳಿಗೇನಂತೆ?"

ಸವಾಟ್ ಅಡ್ಡ ನಿಂತವನು ಪಕ್ಕಕ್ಕೆ ಸರಿದ. ಅವಳು ಬಂದು ಬಣ್ಣದ ಬಟ್ಟೆಗಳನ್ನು ಒಂದೊಂದಾಗಿ ಎತ್ತಿ, ಮಡಚಿ, ಅಂಚಿನ ಮೇಲಿಟ್ಟಳು. ಬಗ್ಗಿದಳು. ಬಲಗಡೆಯ ಮಣೆಯ ಮೇಲೆ ಅಂಗೈ ಇಟ್ಟಳು, ಆಮೇಲೆ ಎಡಗಡೆಯದರ ಮೇಲೆ. ಅಲ್ಲೇ ಸ್ವಲ್ಪ ಹೊತ್ತು ಬಿಟ್ಟಳು. ಅಂಗೈಯನ್ನು ತುಸು ಒತ್ತಿದಳು, ಮತ್ತೆ ಒತ್ತಿದಳು.

"ಇದು ಅಲ್ಲಾಡ್ತಿದೆಯಲ್ಲ."

ಸವಾಟ್ ಒಲೆಯ ಕಡೆಗೆ ಮುಖ ತಿರುಗಿಸಿದ.

"ನೀರಲ್ಲಿದ್ದು ಸಡಿಲ ಆಯ್ತಾ?"

"ಇಲ್ಲ ದೊಡ್ಡಮ್ಮ," ಎಂದ ಖಮ್‌ಪನ್. "ನಾನು ಹೊಡೆದೆ."

"ಯಾವಾಗ?"

"ಈಗ. ನೀವು ಬರೋಕೆ ಮುಂಚೆ."

ಅವಳು ಅವನ ಕೈಯಲ್ಲಿದ್ದ ಉಳಿಯನ್ನು ನೋಡಿದಳು, ಸವಾಟ್‌ನನ್ನು ನೋಡಿದಳು. ಬೈಯುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಫೊನ್ ಹತ್ತಿರ ಬಂದಳು. ಮುದುಕಿ ಎರಡೂ ಮಾಡಲಿಲ್ಲ. ತಿರುಗಿ, ಬಂದ ದಾರಿಯಲ್ಲೇ ಹಿಂಬದಿಗೆ ಹೋಗಿ, ತನ್ನ ಹಲಗೆಯ ಮೇಲೆ ಕೂತಳು. ಚೀಲದಿಂದ ಹುಳಿ ಬರಿಸಿದ ಚಹಾ ಎಲೆಯ ಪೊಟ್ಟಣ ತೆಗೆದು, ಉಪ್ಪಿನ ಹರಳಿಟ್ಟು ಸುತ್ತಿ, ದವಡೆಗಿಟ್ಟು ಜಗಿಯತೊಡಗಿದಳು.

ಸವಾಟ್ ಅವಳ ಮುಂದೆ ಕುಳಿತ. ಅವನ ದನಿಯಲ್ಲಿ ಈಗ ಜೋರಿರಲಿಲ್ಲ. "ದೊಡ್ಡಮ್ಮ, ಕೆಟ್ಟದ್ದಕ್ಕೆ ಅಂತ ಮಾಡಲಿಲ್ಲ. ನನ್ನ ತಂಗಿ ಮಗ ಹೋದ ವರ್ಷ ಆಚೆ ದಂಡೆಯವರ ದೋಣೀಲಿ ಗೆದ್ದು ಬಂದು, ಮನೆ ಮೂಲೇಲಿ ಕೂತು ಅತ್ತ. ಗೆದ್ದು ಅಳೋ ಹುಡುಗನ್ನ ನೋಡಿದೀರಾ ನೀವು? ಇದು ತಂಗಿ ಅಂತ ಹೇಳಿದ್ರೆ ಯಾರೂ ಹತ್ತಲ್ಲ."

"ಹತ್ತದಿದ್ರೆ ಬಿಡಲಿ."

"ಹಂಗಂದ್ರೆ ಮರ…"

"ಸೀಳಿ ಒಲೆಗಿಡ್ತೀನಿ ಅಂದಿದ್ದೆ. ಹೌದು ಅಂದಿದ್ದೆ." ಅವಳು ಜಗಿಯುವುದನ್ನು ನಿಲ್ಲಿಸಿದಳು. "ಅವರು ಕಾಲಿಟ್ಟ ಜಾಗ ಇನ್ನೂ ಇದೆ ಅಂತ ನನಗೇನು ಗೊತ್ತಿತ್ತು? ಸುಡೋಕೆ ಒಂದು ಉಗುರೂ ಸಿಗಲಿಲ್ಲ ನನಗೆ. ನೀವೆಲ್ಲ ಸೇರಿ ಹೆಸರನ್ನೂ ಬಣ್ಣ ಬಳಿದು ಮುಚ್ಚಿದ್ರಿ. ಇವತ್ತು ಕಾಲ್ಮಣೇನೂ ಕೀಳೋಕೆ ಹೊರಟಿದ್ರಿ."

ಖಮ್‌ಪನ್ ತಲೆ ತಗ್ಗಿಸಿದ.

"ಮರ ಕೊಡ್ತೀನಿ," ಎಂದಳು. "ತಂಗಿಗೇ ಕೊಡ್ತೀನಿ. ಆದ್ರೆ ಕದ್ದು ಕೊಡಲ್ಲ. ನಿನ್ನ ಹತ್ರ ಮೈಕಿದೆಯಲ್ಲ ಸವಾಟ್, ಬೆಳಗಾಗೆದ್ದು ಹಂದಿಗೆ ಚುಚ್ಚುಮದ್ದು, ಕರೆಂಟು ಬಿಲ್ಲು ಅಂತ ಊರಿಗೆಲ್ಲ ಕೂಗ್ತೀಯಲ್ಲ? ಅದರಲ್ಲಿ ಹೇಳು. ಯಾವ ದೋಣಿ ಅಂತ ಹೇಳು, ಮುಂದೆ ಕೂತಿದ್ದೋರು ಯಾರು ಅಂತ ಹೇಳು. ಊರು ಕೇಳಿದ ಮೇಲೆ ನಾನು ಏಳ್ತೀನಿ."

"ಅವರ ಹೆಸರನ್ನ ಮೈಕಿನಲ್ಲಾ?" ಸವಾಟ್‌ನ ಮುಖ ಬಿಳಿಚಿತು. "ದೋಣಿ ಪಕ್ಕದಲ್ಲೇ ಇದೆ ದೊಡ್ಡಮ್ಮ. ಊರಿಗೆ ಊರೇ ನನ್ನ ಮೇಲೆ ಬೀಳುತ್ತೆ."

"ಬೀಳಲಿ. ನಿನಗೆ ಹೊಟ್ಟೆ ಇದೆ, ಪೆಟ್ಟಾಗಲ್ಲ."

"ಹೇಳಿದ ಮೇಲೆ ಹುಡುಗರು ಬರದಿದ್ರೆ? ದೋಣಿ ಇಲ್ಲೇ ಕೊಳೆಯುತ್ತೆ."

"ಕೊಳೆಯೋದಾದ್ರೆ ಅವರ ಹೆಸರಲ್ಲೇ ಕೊಳೀಲಿ."

ಸವಾಟ್ ಖಮ್‌ಪನ್‌ನ ಕಡೆ ನೋಡಿದ. ಖಮ್‌ಪನ್ ಹುಣಸೆಯ ಕಡ್ಡಿಯೊಂದನ್ನು ತೊಡೆಯ ಮೇಲಿಟ್ಟು ಹೊಸ ಗೂಟ ಕೆತ್ತುತ್ತಿದ್ದ. ಸವಾಟ್ ಎದ್ದು, ಪ್ಯಾಂಟಿನ ಧೂಳು ಕೊಡವಿ ಹೊರಟ. ಬಾಗಿಲ ಹತ್ತಿರ ಒಮ್ಮೆ ನಿಂತ. ಆಮೇಲೆ ಹೋದ. ಮನೆಗೆ ಹೋದನೋ, ಮೈಕಿನ ಕೋಣೆಗೆ ಹೋದನೋ ಕಾಣಲಿಲ್ಲ. ಎರಡಕ್ಕೂ ದಾರಿ ಒಂದೇ.

"ಹೇಳ್ತಾನೆ ಅಂತೀರಾ?" ಎಂದು ಫೊನ್ ಕೇಳಿದಳು.

"ನನಗೆ ಕೂತು ಅಭ್ಯಾಸ ಇದೆ ಮಗಳೇ," ಎಂದಳು ಸೆಂಗ್‌ಲಾ.

ಖಮ್‌ಪನ್ ಗೂಟಕ್ಕೆ ರಾಳ ಸವರಿ ಮಣೆಯ ತೂತಿಗಿಟ್ಟ. ಹೊಡೆಯಲು ಕೊಡತಿ ಎತ್ತಿ ಒಂದು ಸಲ ಅವಳ ಕಡೆ ನೋಡಿದ. ಅವಳು ನದಿಯ ಕಡೆಗೆ ಮುಖ ಮಾಡಿಕೊಂಡು ಜಗಿಯುತ್ತಿದ್ದಳು. ಅವನು ಮೆಲ್ಲಗೆ ಹೊಡೆದ, ಆಮೇಲೆ ಜೋರಾಗಿ. ಅಂಗೈಯಿಂದ ಒತ್ತಿ ನೋಡಿದ. ಮಣೆ ಅಲ್ಲಾಡಲಿಲ್ಲ.

"ಗಟ್ಟಿ ಆಯ್ತು ದೊಡ್ಡಮ್ಮ."

"ಸಾಲಿಗೆ ತಂದುಬಿಟ್ಟೀಯ ಮತ್ತೆ."

"ಇಲ್ಲ. ಇದ್ದ ಕಡೆಗೇ ಇದೆ."

ವಿಹಾರದ ಬಾಗಿಲ ಬಳಿಯ ಕಂಬದ ಮೇಲಿದ್ದ ಧ್ವನಿವರ್ಧಕ ಒಮ್ಮೆ ಕರಕರ ಎಂದು ಸುಮ್ಮನಾಯಿತು. ಅಂಗಳದ ಪೊರಕೆ ನಿಂತಿತು. ಮತ್ತೆ ಕರಕರ ಎಂದಿತು. ಸವಾಟ್ ಕೆಮ್ಮಿದ. ಹಲೋ, ಹಲೋ ಎಂದ. ಊರಿನ ತಂದೆತಾಯಿಗಳಿಗೆ, ಅಣ್ಣತಮ್ಮಂದಿರಿಗೆ ಎಂದು ಎಂದಿನಂತೆ ಶುರು ಮಾಡಿ, ನಡುವೆ ನಿಂತ. ಆಮೇಲೆ ದೋಣಿಯ ಹೆಸರು ಹೇಳಿದ. ಇನ್ನೊಮ್ಮೆ ಕೆಮ್ಮಿ, ಅವಸರವಾಗಿ, ಬಿಸಿ ತುತ್ತನ್ನು ಉಗುಳುವವನ ಹಾಗೆ, ಇನ್ತಾನ ಹೆಸರು ಹೇಳಿದ. ಊರಿನ ಎಲ್ಲ ಕಂಬಗಳ ಮೇಲಿಂದಲೂ ಆ ಹೆಸರು ಒಂದರ ಹಿಂದೆ ಒಂದು ಕೇಳಿಬಂತು. ಕೊನೆಯದು ನದಿಯ ತಿರುವಿನ ಕಡೆಯಿಂದ.

ಸೆಂಗ್‌ಲಾ ಮೊಣಕಾಲಿಗೆ ಕೈ ಊರಿ ಎದ್ದಳು. ಹಲಗೆಯ ಮೇಲೆ ಉದುರಿದ್ದ ಉಪ್ಪನ್ನು ಹೆಗಲ ಬಟ್ಟೆಯಿಂದ ಒರೆಸಿದಳು. ಆಮೇಲೆ ಅದರ ಪಕ್ಕದಲ್ಲಿ, ಬರೀ ನೆಲದ ಮೇಲೆ, ಕಾಲು ಚಾಚಿ ಕೂತಳು.